ಏಣಿ ಹಿಡಿದವನು

“ಬಾಲ ಎತ್ತು, ಬಾಲ ಎತ್ತು! ಇನ್ನೂ ಸ್ವಲ್ಪ... ಅಯ್ಯೋ, ಗೋಡೆಗೆ ತಾಗಿಸಿಬಿಟ್ರಲ್ರೋ!”

ಮೂರನೆಯ ಮಹಡಿಯಿಂದ ಇಳಿಯುತ್ತಿದ್ದ ಪೆಟ್ಟಿಗೆ ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹೊತ್ತ ನಾಲ್ವರೂ ಪೇಂಟರುಗಳು. ಇಪ್ಪತ್ತು ಅಡಿಯ ಏಣಿಯನ್ನು ಇಂಥದೇ ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ, ಗೋಡೆಗೆ ಒಂದು ಗೀರೂ ಬೀಳದ ಹಾಗೆ ಎಷ್ಟೋ ಸಲ ಇಳಿಸಿದವರು. ಇವತ್ತು ಆರಡಿಯ ಪೆಟ್ಟಿಗೆಯನ್ನು ತಿರುಗಿಸಲಾಗದೆ ಬೆವರು ಸುರಿಸುತ್ತಿದ್ದರು. ಮುಂದಿನವನು ಎಡಕ್ಕೆ ಅನ್ನುತ್ತಿದ್ದ, ಹಿಂದಿನವನು ಬಲಕ್ಕೆ. ಯಾರಾದರೊಬ್ಬರು ಕೆಳಗೆ ನಿಂತು ದಾರಿ ಹೇಳಬೇಕಿತ್ತು. ಯಾವತ್ತೂ ಆ ಕೆಲಸ ಮಾಡುತ್ತಿದ್ದವನು ಪೆಟ್ಟಿಗೆಯೊಳಗಿದ್ದ.

ಕೆಳಗಿನ ಮೆಟ್ಟಿಲಲ್ಲಿ ಗುಬ್ಬಿ ಗೋಡೆಗೆ ಒರಗಿ ನಿಂತಿದ್ದ. ನಲವತ್ತೆರಡು ವರ್ಷದ ಗಂಡಸಿಗೆ ಗುಬ್ಬಿ ಎಂಬ ಹೆಸರು ಅಂಟಿಕೊಂಡಿದ್ದು ಅವನ ತೂಕ ಐವತ್ತು ಕಿಲೋ ದಾಟದ ಕಾರಣಕ್ಕೆ. ಬಲ ಭುಜದ ಮೂಳೆ ಮುರಿದಿತ್ತು. ಕೈಯನ್ನು ಎದೆಗೆ ಸೇರಿಸಿ ಪಟ್ಟಿ ಬಿಗಿದಿದ್ದರು. ಪೆಟ್ಟಿಗೆಯಲ್ಲಿದ್ದವನು ಅವನ ಅಕ್ಕನ ಗಂಡ. ಮೊನ್ನೆ ಏಣಿ ಜಾರಿದಾಗ ಮೇಲಿದ್ದವನು ಗುಬ್ಬಿ, ಕೆಳಗೆ ಏಣಿ ಹಿಡಿದಿದ್ದವನು ಭಾವ. ಗುಬ್ಬಿ ಬಿದ್ದದ್ದು ಭಾವನ ಮೇಲೆ. ಬಿದ್ದವನು ಬದುಕಿದ, ಹಿಡಿದವನು ಹೋದ.

“ಇಷ್ಟು ವರ್ಷ ಹಿಡಿದೋನು ಅವತ್ತು ಯಾಕಪ್ಪ ಕೈ ಬಿಟ್ಟ?” ಎಂದು ಕೆಳಗೆ ಬಾಗಿಲ ಬಳಿ ಯಾರೋ ಪಿಸುಗುಟ್ಟಿದರು.

“ಫೋನ್ ಬಂದಿತ್ತೋ ಏನೋ. ಇಲ್ಲ, ನಿಂತಲ್ಲೇ ಕಣ್ಣು ಎಳೆದಿರಬೇಕು. ಅರವತ್ತು ಹತ್ತಿರ ಬಂದಿತ್ತಲ್ಲ.”

“ನಮಗೆಲ್ಲ ಬೆಳಗಿಂದ ಸಾಯಂಕಾಲದ ತನಕ ಬುದ್ಧಿ ಹೇಳ್ತಿದ್ದ ಮಹಾರಾಯ. ತಾನೇ ಹೀಗೆ ಮಾಡಿಬಿಟ್ನಲ್ಲ.”

ಪಿಸುಮಾತೇ ಆದರೂ ಮೆಟ್ಟಿಲ ಸುರಂಗದಲ್ಲಿ ಮೇಲಿನ ತನಕ ಕೇಳಿಸಿತು. ಗುಬ್ಬಿಯ ಪಕ್ಕದಲ್ಲೇ ಭಾವನ ಮಗಳು ಅಪ್ಪನ ಬಣ್ಣ ಮೆತ್ತಿದ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಹತ್ತೊಂಬತ್ತರ ಹುಡುಗಿ. ಎರಡು ದಿನದಿಂದ ಅತ್ತಿರಲಿಲ್ಲ.

“ಮಾಮ,” ಅಂದಳು, “ಅಪ್ಪ ನಿಜವಾಗ್ಲೂ ಕೈ ಬಿಟ್ರಾ?”

“ಆಮೇಲೆ ಹೇಳ್ತೀನಿ ಪುಟ್ಟಿ,” ಅಂದ ಗುಬ್ಬಿ. ಇಲ್ಲ ಎನ್ನುವ ಎರಡಕ್ಷರಕ್ಕೆ ಆಮೇಲೆ ಯಾಕೆ ಬೇಕು ಎಂದು ಹುಡುಗಿ ಕೇಳಲಿಲ್ಲ. ಟೋಪಿಯ ಅಂಚಿನಲ್ಲಿ ಒಣಗಿದ್ದ ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದಳು.

ಅಂತೂ ಪೆಟ್ಟಿಗೆ ತಿರುವು ದಾಟಿತು. ಗೋಡೆಯ ಸುಣ್ಣದ ಮೇಲೆ ಒಂದು ಗೇಣುದ್ದದ ಗೀರು ಉಳಿಯಿತು.

*

ಭಾವನ ಮೈ ಏಣಿ ಹಿಡಿಯಲೆಂದೇ ಮಾಡಿಸಿದ್ದು ಎಂದು ಪೇಂಟರುಗಳು ತಮಾಷೆ ಮಾಡುತ್ತಿದ್ದರು. ಅಗಲ ಬೆನ್ನು, ಗಿಡ್ಡ ಕಾಲು, ತೂಕ ಗುಬ್ಬಿಯ ಎರಡರಷ್ಟು. ಇಪ್ಪತ್ತೆರಡು ವರ್ಷ ಇಬ್ಬರದೂ ಒಂದೇ ಜೋಡಿ. ಗುಬ್ಬಿ ಹತ್ತುವವನು, ಭಾವ ಹಿಡಿಯುವವನು.

ಏಣಿ ನಿಲ್ಲಿಸುವುದೆಂದರೆ ಭಾವನಿಗೆ ಸಂಭ್ರಮ. ಮೊದಲು ಏಣಿಯ ಕಾಲಿನ ರಬ್ಬರು ಸವೆದಿದೆಯೇ ಎಂದು ಹೆಬ್ಬೆರಳಿನಿಂದ ಉಜ್ಜಿ ನೋಡಬೇಕು. ಪ್ರತಿ ನಾಲ್ಕಡಿ ಎತ್ತರಕ್ಕೆ ಬುಡ ಗೋಡೆಯಿಂದ ಒಂದಡಿ ದೂರ. ಆಮೇಲೆ ಬುಡಕ್ಕೆ ಕಾಲ್ಬೆರಳು ತಾಗಿಸಿ ನಿಂತು ಕೈ ಚಾಚಿದರೆ ಅಂಗೈ ಸರಿಯಾಗಿ ಮೆಟ್ಟಿಲಿಗೆ ಸಿಗಬೇಕು. ಸಿಗದಿದ್ದರೆ ಮತ್ತೆ ಮೊದಲಿನಿಂದ. ಇಷ್ಟೆಲ್ಲ ಆದ ಮೇಲೆ ಎಡಗಾಲನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು, ಪೂರ್ತಿ ಭಾರ ಹಾಕಿ, ಎರಡೂ ಕಂಬಗಳನ್ನು ಹಿಡಿದು ಮುಖ ಮೇಲಕ್ಕೆತ್ತುತ್ತಿದ್ದ. ಗುಬ್ಬಿ ಇಳಿಯುವ ತನಕ ಆ ಮುಖ ಕೆಳಗಾಗುತ್ತಿರಲಿಲ್ಲ. ಬಣ್ಣದ ಹನಿ ಹಣೆಯ ಮೇಲೆ ಬಿದ್ದರೆ ಕಣ್ಣು ಮಿಟುಕಿಸುತ್ತಿದ್ದ, ಅಷ್ಟೇ.

ಅವನ ಕಣ್ಣು ಇರುತ್ತಿದ್ದದ್ದು ಗುಬ್ಬಿಯ ಬೆಲ್ಟಿನ ಬಕಲ್ ಮೇಲೆ. ಬಕಲ್ ಏಣಿಯ ಎರಡು ಕಂಬಗಳ ನಡುವೆ ಇರುವ ತನಕ ಮನುಷ್ಯ ಏಣಿಯವನು. ಕಂಬ ದಾಟಿತೋ, ಗಾಳಿಯವನು. ಇದು ಭಾವನ ಒಂದೇ ಒಂದು ಶಾಸ್ತ್ರ. ಗುಬ್ಬಿ ಬ್ರಷ್ ಚಾಚಿ ಒಂದಿಷ್ಟು ಪಕ್ಕಕ್ಕೆ ವಾಲಿದರೆ ಸಾಕು, ಕೆಳಗಿನಿಂದ ಗುಡುಗುತ್ತಿತ್ತು:

“ಬಕಲ್!”

ಬೀದಿಯಲ್ಲಿ ಹೋಗುವವರು ತಮ್ಮ ಸೊಂಟ ನೋಡಿಕೊಳ್ಳುತ್ತಿದ್ದರು. ಹಾಗಾಗಿಯೇ ಕಸುಬಿನವರ ಬಾಯಲ್ಲಿ ಅವನು ಬಕಲಣ್ಣ. ಹೊಸದಾಗಿ ಬಂದವರಿಗೆಲ್ಲ ಕೆಲಸ ಕಲಿಸಿದ್ದು ಅವನೇ. ಆ ಗುತ್ತಿಗೆದಾರನ ಕೈಕೆಳಗಿನ ಅರವತ್ತು ಎಪ್ಪತ್ತು ಮಂದಿಯಲ್ಲಿ ಅವನಿಂದ ಬೈಸಿಕೊಳ್ಳದವರು ಯಾರೂ ಇರಲಿಲ್ಲ.

“ಭಾವ, ಇನ್ನೊಂದು ಗೇಣು ಅಷ್ಟೇ ಉಳಿದಿರೋದು. ಅದಕ್ಕೋಸ್ಕರ ಇಳಿದು, ಏಣಿ ಸರಿಸಿ, ಮತ್ತೆ ಹತ್ತಬೇಕಾ?” ಎಂದು ಗುಬ್ಬಿ ಮೇಲಿನಿಂದ ಗೋಗರೆಯುತ್ತಿದ್ದ.

“ಎಂಟು ನಿಮಿಷ ಆಗುತ್ತೆ. ನಾನು ಗಡಿಯಾರ ಇಟ್ಟು ನೋಡಿದ್ದೀನಿ. ಇಳಿ.”

“ಎಂಟು ನಿಮಿಷದಲ್ಲಿ ಆ ಕಡೆ ಗೋಡೆ ಅರ್ಧ ಮುಗಿಸ್ತೀನಿ.”

“ಮುಗಿಸು. ಮೊದಲು ಇಳಿ.”

ಗೊಣಗುತ್ತ ಇಳಿಯುತ್ತಿದ್ದ. ಇಪ್ಪತ್ತೆರಡು ವರ್ಷ ಹಾಗೆಯೇ ಇಳಿದಿದ್ದ.

*

ಅಂಗಳದಲ್ಲಿ ಪೆಟ್ಟಿಗೆಯನ್ನು ಗಾಡಿಗೆ ಏರಿಸುತ್ತಿರುವಾಗ ಗುಬ್ಬಿ ಮೇಸ್ತ್ರಿಯನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದ. ಮೇಸ್ತ್ರಿ ಕೆಟ್ಟವನಲ್ಲ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಗುಬ್ಬಿಯ ಪಕ್ಕದಲ್ಲಿ ಕೂತಿದ್ದವನು ಅವನೇ. ನಿನ್ನೆ ಬೆಳಿಗ್ಗೆ ಅಲ್ಲೇ ಒಂದು ಹಾಳೆ ಬರೆದು ತಂದಿದ್ದವನೂ ಅವನೇ.

“ಮೇಸ್ತ್ರಿ, ಆ ಕಾಗದ ವಾಪಸ್ ಕೊಡು.”

“ಯಾವುದು?”

“ನಾನು ಸಹಿ ಹಾಕಿದ್ದು. ಏಣಿ ಹಿಡಿದವನು ಕೈ ಬಿಟ್ಟಿದ್ದರಿಂದ ಏಣಿ ಜಾರಿತು ಅಂತ ಬರೆದಿದ್ದೀಯಲ್ಲ, ಅದು.”

“ನಾನು ನಿನ್ನನ್ನ ಕೇಳಿದೆ, ಹಿಡ್ಕೊಂಡಿದ್ನಾ ಅಂತ. ನೀನು, ‘ನಾನು ಮೇಲಿದ್ದೆ, ನಂಗೇನೂ ಗೊತ್ತಿಲ್ಲ’ ಅಂದೆ. ಹಿಡ್ಕೊಂಡಿದ್ರೆ ಏಣಿ ಯಾಕೆ ಜಾರುತ್ತೆ? ಓದಿ ನೋಡಿ ತಾನೇ ಎಡಗೈಯಲ್ಲಿ ಸಹಿ ಹಾಕಿದ್ದು?”

“ಓದಿದ್ದೆ.”

“ಮತ್ತೆ?”

ಮೇಸ್ತ್ರಿ ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ದನಿ ತಗ್ಗಿಸಿದ.

“ನೋಡು, ನಾಳೆ ಸೋಮವಾರ. ಬೆಳಿಗ್ಗೆ ಎಲ್ಲ ಕೆಲಸದ ಜಾಗದಲ್ಲೂ ಅದನ್ನ ಓದಿ ಹೇಳ್ತಾರೆ, ಎಲ್ಲರೂ ಹುಷಾರಾಗಿರಲಿ ಅಂತ. ಅಲ್ಲಿಗೆ ಮುಗೀತು. ನಿನ್ನ ತಪ್ಪು ಅಂತ ಬಂದ್ರೆ ಇನ್ನು ಈ ಜನ್ಮದಲ್ಲಿ ನಿನ್ನನ್ನ ಯಾರೂ ಏಣಿ ಹತ್ತಿಸೋದಿಲ್ಲ. ನಿಮ್ಮಕ್ಕ, ಆ ಹುಡುಗಿ, ಇನ್ನು ಯಾರ ಮುಖ ನೋಡ್ಬೇಕು? ಹೋದವನಿಗೆ ಇನ್ನೇನು ನೋವಪ್ಪ?”

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಗೆ ಉಳಿದದ್ದು ಗುಬ್ಬಿಯೊಬ್ಬನ ದುಡಿಮೆ, ಅದೂ ಮೂಳೆ ಕೂಡಿಕೊಂಡ ಮೇಲೆ. ಆದರೆ ನಾಳೆ ಬೆಳಿಗ್ಗೆ ಅರವತ್ತು ಎಪ್ಪತ್ತು ಜನ ಸಾಲಾಗಿ ನಿಂತು, ಬಕಲಣ್ಣ ಕೈ ಬಿಟ್ಟ ಎಂದು ಕೇಳಿಸಿಕೊಳ್ಳುತ್ತಾರೆ. ಆ ಮನುಷ್ಯನಿಗೆ ಬದುಕಿನಲ್ಲಿ ಸಂಪಾದನೆ ಅಂತ ಇದ್ದದ್ದು ಅದೊಂದೇ, ಕೈ ಬಿಡದವನು ಎಂಬ ಹೆಸರು.

ಗಾಡಿಯಲ್ಲಿ ಅಕ್ಕ ಪೆಟ್ಟಿಗೆಯ ಪಕ್ಕ ಕೂತಳು. ಎದುರಿಗೆ ಗುಬ್ಬಿ, ಮಗಳು. ರಸ್ತೆಯ ಹಳ್ಳಕ್ಕೆ ಗಾಡಿ ಎಗರಿದಾಗಲೆಲ್ಲ ಅಕ್ಕ ಪೆಟ್ಟಿಗೆ ಅಲುಗದಂತೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ತಮ್ಮನ ಪಟ್ಟಿಯನ್ನು ನೋಡಿ, “ನೋಯ್ತಾ ಇದೆಯೇನೋ?” ಅಂದಳು.

“ಇಲ್ಲಕ್ಕ.”

“ಸುಳ್ಳು ಹೇಳ್ಬೇಡ. ನಿಂಗೆ ಚಿಕ್ಕಂದಿನಿಂದ್ಲೂ ನೋವು ಹೇಳೋಕೆ ಬರಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಎಲ್ಲ ನನ್ನಿಂದಲೇ ಕಣೋ. ಹಿಂದಿನ ದಿನ ಊಟಕ್ಕೆ ಕೂತಾಗ ಜಗಳ ತೆಗೆದೆ. ನಿಂಗೊಂದು ಹೆಣ್ಣು ನೋಡಿ ಅಂತ ಎಷ್ಟು ಸಲ ಹೇಳಿದ್ರೂ ಕಿವಿಗೇ ಹಾಕ್ಕೊಳ್ಳಲ್ಲ, ನನ್ನ ತಮ್ಮ ಏನು ನಿಮ್ಮ ಏಣಿಗೆ ಹುಟ್ಟಿದೋನಾ ಅಂತ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅರ್ಧಕ್ಕೇ ಎದ್ದುಹೋದ್ರು. ಬೆಳಿಗ್ಗೆ ಮಾತಿಲ್ಲದೆ ಹೊರಟ್ರು. ಅದೇ ಯೋಚನೆಯಲ್ಲಿ ಕೈ ಬಿಟ್ಟಿರಬೇಕು. ಇಲ್ಲದಿದ್ರೆ ಅವರು ಬಿಡೋ ಪೈಕಿಯಾ?”

ಗುಬ್ಬಿ ಪೆಟ್ಟಿಗೆಯಿಂದ ಕಣ್ಣು ಕಿತ್ತು ಗಾಡಿಯ ನೆಲ ನೋಡಿದ.

“ನೀನೂ ಹೋಗಿಬಿಡ್ತಿದ್ದೆ,” ಅಂದಳು ಅಕ್ಕ. ಪೆಟ್ಟಿಗೆಯಿಂದ ಕೈ ತೆಗೆದು ಅವನ ಮೊಣಕಾಲು ಮುಟ್ಟಿದಳು. “ಅವರ ಪರವಾಗಿ ನಾನು ಕೇಳ್ಕೊಳ್ತೀನಿ. ಮನಸ್ಸಲ್ಲಿ ಇಟ್ಕೋಬೇಡ. ಕ್ಷಮಿಸಿಬಿಡು.”

ಮಗಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಡಿಯಿಂದ ಹಾರಿಬಿಡೋಣ ಅನ್ನಿಸಿತು ಗುಬ್ಬಿಗೆ.

*

ಏಣಿ ಜಾರಿದ ಆ ವಾರ ಅವರು ಬಣ್ಣ ಬಳಿಯುತ್ತಿದ್ದದ್ದು ಮೂರು ಮಹಡಿಯ ಒಂದು ಕಟ್ಟಡಕ್ಕೆ. ಅದರ ಎರಡನೆಯ ಮಹಡಿಯಲ್ಲಿ ಒಂದು ಹೊಲಿಗೆಯ ಕಾರ್ಖಾನೆ. ಉದ್ದಕ್ಕೂ ಕಿಟಕಿಗಳು, ಕಿಟಕಿಗೊಂದು ಯಂತ್ರ, ಯಂತ್ರಕ್ಕೊಬ್ಬಳು ಹೆಂಗಸು. ಕೊನೆಯ ಕಿಟಕಿಯಲ್ಲಿ ಅಂಗಿಗಳ ಗುಂಡಿತೂತಿಗೆ ಕಾಜಾ ಹೊಲಿಯುವವಳು ಕೂರುತ್ತಿದ್ದಳು. ಮೊದಲ ದಿನವೇ ಗುಬ್ಬಿಗೆ ಕಿಟಕಿಯಿಂದ ನೀರಿನ ಲೋಟ ಚಾಚಿದವಳು ಅವಳು. ಅವಳಿಗೂ ವಯಸ್ಸು ನಲವತ್ತರ ಹತ್ತಿರ. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. ಎರಡನೆಯ ದಿನ ಗುಬ್ಬಿ ಕೆಲಸಕ್ಕೆ ಒಗೆದ ಅಂಗಿ ಹಾಕಿಕೊಂಡು ಬಂದ. ಭಾವ ನೋಡಿ, ಮೀಸೆಯಡಿಯಲ್ಲಿ ನಕ್ಕು ಸುಮ್ಮನಾದ.

ಸುಮ್ಮನಾಗದ್ದು ಅವನ ಬಾಯಿ. ದಿನಕ್ಕೆ ಇಪ್ಪತ್ತು ಸಲ ‘ಬಕಲ್!’ ಎಂದು ಕೂಗು ಎದ್ದಾಗಲೆಲ್ಲ ಒಳಗೆ ಯಂತ್ರಗಳು ನಿಂತು ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ಮೂರನೆಯ ದಿನ ಕಾಜಾ ಹೊಲಿಯುವವಳೂ ನಗು ತಡೆಯಲಾರದೆ, “ಬಕಲ್ ಹುಷಾರು ಕಣ್ರೀ, ಬಿದ್ದೋಗುತ್ತೆ,” ಅಂದಳು. ಸುತ್ತಲಿನವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಗುಬ್ಬಿಗೆ ಕಿವಿಯ ತನಕ ರಕ್ತ ಏರಿತು.

ಮರುದಿನ ಏಣಿ ನಿಲ್ಲಿಸುವಾಗ ಅವನು ಹೇಳಿಬಿಟ್ಟ. “ಭಾವ, ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು. ನಾನೇನು ನಿನ್ನೆ ಹುಟ್ಟಿದ ಮಗುನಾ? ನಾಲ್ಕು ಜನರ ಮುಂದೆ ನನ್ನ ಮಾನ ತೆಗೀತಿದ್ದೀಯ.”

ಭಾವ ರಬ್ಬರು ಉಜ್ಜುತ್ತಿದ್ದವನು ತಲೆ ಎತ್ತಿದ. ಬೈಯುತ್ತಾನೆ ಅಂದುಕೊಂಡಿದ್ದ ಗುಬ್ಬಿ. ಭಾವ ಬೈಯಲಿಲ್ಲ. ಕೊನೆಯ ಕಿಟಕಿಯನ್ನೊಮ್ಮೆ ನೋಡಿದ, ಹೆಂಡತಿ ಹಿಂದಿನ ದಿನ ಅಂದದ್ದು ನೆನಪಾಯಿತೋ ಏನೋ.

“ಕೂಗಲ್ಲಪ್ಪ,” ಅಂದ. “ತಟ್ತೀನಿ. ಕಂಬಕ್ಕೆ ಮೂರು ಸಲ. ನಿನ್ನ ಕಾಲಿಗೆ ಗೊತ್ತಾಗುತ್ತೆ, ಬೇರೆ ಯಾರಿಗೂ ಕೇಳ್ಸಲ್ಲ. ಆಯ್ತಾ?”

“ಆಯ್ತು.”

ಹತ್ತಿದ. ಬೆಳಗಿನ ಹೊತ್ತು ಎರಡು ಸಲ ತಟ್ಟಿದಾಗಲೂ ಗುಬ್ಬಿ ಸರಿದುಕೊಂಡ. ಏಣಿಯ ಲೋಹದಲ್ಲಿ ಬರುವ ಆ ಸದ್ದು ಅಂಗಾಲಿಗೆ ಕಚಗುಳಿ ಇಟ್ಟ ಹಾಗಿತ್ತು. ಹನ್ನೊಂದರ ಸುಮಾರಿಗೆ ಕೊನೆಯ ಕಿಟಕಿಯ ಪಕ್ಕ ಮುಗಿಸಿ ಇಳಿಯಲು ಹೊರಟಾಗ ಕಾಜಾ ಹೊಲಿಯುವವಳು ಕತ್ತು ಹೊರಗೆ ಹಾಕಿ, “ನೋಡಿ, ಅಲ್ಲೊಂದು ಚೂರು ಬಿಟ್ಟೋಗಿದೆ,” ಎಂದು ಬೆರಳು ತೋರಿಸಿದಳು. ಕಿಟಕಿಯ ಆಚೆ ಬದಿಯಲ್ಲಿ, ಅಂಗೈಯಷ್ಟು ಜಾಗ.

ಇಳಿದು ಏಣಿ ಸರಿಸಿದರೆ ಎಂಟು ನಿಮಿಷ. ಅವಳು ನೋಡುತ್ತಿದ್ದಳು. ಗುಬ್ಬಿ ಎಡಗೈಯಲ್ಲಿ ಕಂಬ ಹಿಡಿದು, ಬಲಗೈಯ ಬ್ರಷ್ ಚಾಚಿದ. ಸಾಲಲಿಲ್ಲ. ಇನ್ನಷ್ಟು ಚಾಚಿದ.

ಟಕ್, ಟಕ್, ಟಕ್.

ಕಾಲಿಗೆ ಗೊತ್ತಾಯಿತು. ಚೆನ್ನಾಗಿಯೇ ಗೊತ್ತಾಯಿತು. ಇನ್ನೊಂದು ಗೇಣು ಅಷ್ಟೇ ಎಂದುಕೊಂಡು ಎಡಗಾಲನ್ನು ಮೆಟ್ಟಿಲಿನಿಂದ ಎತ್ತಿದ. ಬ್ರಷ್ ಗೋಡೆಗೆ ತಾಗಿತು. ಆಗ ಏಣಿಯ ತಲೆ ಗೋಡೆಯ ಮೇಲೆ ಕಿರ್ರೆಂದು ಸರಿಯತೊಡಗಿತು.

ಬೀಳುವಾಗ ಅವನಿಗೆ ಕಂಡದ್ದು ಭಾವನ ಮುಖ, ಮೇಲಕ್ಕೆತ್ತಿದ್ದು. ಏಣಿ ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಹಾರಿದ್ದರೆ ಆಗಿತ್ತು. ಹಾರಲಿಲ್ಲ. ಜಾರುವ ಏಣಿಯನ್ನು ಹಿಡಿದೇ, ಅದರ ಜೊತೆ ತಾನೂ ಎಳೆದುಕೊಂಡು ಹೋದ. ಆಮೇಲೆ ಗುಬ್ಬಿ ಕಣ್ಣು ಬಿಟ್ಟಾಗ ಅವನ ಅಡಿಯಲ್ಲಿ ಭಾವನಿದ್ದ, ತಲೆ ಚರಂಡಿಯ ಕಲ್ಲಂಚಿನ ಮೇಲೆ. ಬಲಗೈ ಏಣಿಯ ಕಂಬಕ್ಕೆ ಬಿಗಿದುಕೊಂಡೇ ಇತ್ತು. ಏಣಿಯನ್ನು ಅವನ ಎದೆಯಿಂದ ಸರಿಸಲೆಂದು ಗುಬ್ಬಿಯೇ ಎಡಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದ. ಜನ ಓಡಿ ಬರುವಷ್ಟರಲ್ಲಿ ಏಣಿ ಒಂದು ಕಡೆ ಬಿದ್ದಿತ್ತು, ಭಾವನ ಬರಿಗೈ ಒಂದು ಕಡೆ.

*

ಸ್ಮಶಾನದ ಮಣ್ಣು ಸಡಿಲ. ಗುಂಡಿ ತೋಡಿದವನು ಅಂಚು ಕುಸಿಯದಂತೆ ಒಂದು ಉದ್ದ ಹಲಗೆ ಹಾಸಿದ್ದ; ಅದರ ಒಂದು ತುದಿ ಗುಂಡಿಯ ಮೇಲೆ ಚಾಚಿತ್ತು. “ಮಣ್ಣು ಹಾಕೋರು ಹಲಗೆ ಮೇಲೆ ನಿಲ್ಲಿ. ಪೂರ್ತಿ ತುದಿಗೆ ಹೋಗಬೇಡಿ, ಈ ಕಡೆ ತುದಿ ಎದ್ದು ಬೀಳಿಸಿಬಿಡುತ್ತೆ,” ಎಂದು ಎಲ್ಲರಿಗೂ ಕೇಳುವಂತೆ ಎರಡು ಸಲ ಹೇಳಿದ.

ಪೇಂಟರುಗಳು ಒಗೆದ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಬಣ್ಣ ಹೋಗಿರಲಿಲ್ಲ. ಪೆಟ್ಟಿಗೆ ಇಳಿಸುವ ಮೊದಲು ಎರಡು ಮಾತಾಡಬೇಕೆಂದು ಮೇಸ್ತ್ರಿ ಮುಂದೆ ಬಂದ. ಬಕಲಣ್ಣ ದೊಡ್ಡ ಮನುಷ್ಯ, ಕೋಪ ಬಾಯಲ್ಲಿ ಮಾತ್ರ, ಮನಸ್ಸು ಬೆಣ್ಣೆ, ಅಂದ. ಅದೆಲ್ಲ ನಿಜ. ಆಮೇಲೆ ಗಂಟಲು ಸರಿ ಮಾಡಿಕೊಂಡ.

“ಅಂಥವನೇ ಒಂದು ಕ್ಷಣ ಕೈ ಬಿಟ್ಟ. ನೋಡಿ ಏನಾಯ್ತು. ನಾವೆಲ್ಲ ಇದರಿಂದ...”

ಅಕ್ಕ ತಲೆ ತಗ್ಗಿಸಿದಳು. ತಾನೇ ಏನೋ ಕದ್ದು ಸಿಕ್ಕಿಬಿದ್ದವಳಂತೆ ತಗ್ಗಿಸಿದಳು. ಗುಬ್ಬಿಗೆ ಅದನ್ನು ನೋಡಲಾಗಲಿಲ್ಲ.

“ಬಿಡಲಿಲ್ಲ,” ಅಂದ.

ಮತ್ತೆ ಅಂದ: “ಭಾವ ಕೈ ಬಿಡಲಿಲ್ಲ.”

“ಗುಬ್ಬಿ, ಆಮೇಲೆ ಮಾತಾಡೋಣ ಬಾ,” ಎಂದು ಮೇಸ್ತ್ರಿ ಅವನ ತೋಳಿಗೆ ಕೈ ಹಾಕಿದ.

“ಮುಟ್ಬೇಡ. ಈಗ ಬಿಟ್ರೆ ನನ್ನ ಬಾಯಿ ಮತ್ತೆ ತೆರೆಯಲ್ಲ.” ಗುಬ್ಬಿ ಅಕ್ಕನ ಕಡೆಗೆ ತಿರುಗಿದ; ಅವಳ ಮುಖ ನೋಡಲಾರದೆ ಕಾಲು ನೋಡುತ್ತ ಹೇಳಿದ. “ಕೂಗಬೇಡ ಅಂತ ನಾನೇ ಹೇಳಿದ್ದೆ ಅಕ್ಕ. ಮೇಲೆ ಕಿಟಕಿಯಲ್ಲಿ ಒಬ್ಬಳು ಇದ್ದಳು. ಅವಳ ಮುಂದೆ ನಾಚಿಕೆ ಆಗುತ್ತೆ ಅಂತ ಬಾಯಿ ಮುಚ್ಚಿಸಿದೆ. ಹಾಗಾದ್ರೆ ತಟ್ತೀನಿ ಅಂದ್ರು. ತಟ್ಟಿದ್ರು. ನಾನು ಸರಿಯಲಿಲ್ಲ. ಒಂದು ಗೇಣು ಜಾಗಕ್ಕೆ ವಾಲಿದೆ. ಏಣಿ ಹೋಗುವಾಗಲೂ ಹಿಡಿದೇ ಇದ್ರು. ಸತ್ತ ಮೇಲೂ ಹಿಡಿದಿದ್ರು. ಕೈ ಬಿಡಿಸಿದೋನು ನಾನು. ನಿನ್ನ ಜಗಳ ಅಲ್ಲ, ನಿದ್ದೆ ಅಲ್ಲ, ಯಾವುದೂ ಅಲ್ಲ. ನಾನು.”

ದೂರದಲ್ಲಿ ಗಾಡಿಯವನು ಬಾಗಿಲು ಹಾಕಿದ ಸದ್ದು ಕೇಳಿಸಿತು.

“ಎಷ್ಟು ಸಲ ತಟ್ಟಿದ್ರು?” ಎಂದು ಅಕ್ಕ ಕೇಳಿದಳು.

“ಮೂರು.”

“ಗೊತ್ತಾಯ್ತಾ ನಿಂಗೆ?”

“ಗೊತ್ತಾಯ್ತು.”

ಅಕ್ಕ ತಲೆ ಆಡಿಸಿದಳು. ಅವನನ್ನು ಹೊಡೆಯಲಿಲ್ಲ, ಶಪಿಸಲಿಲ್ಲ. ತಗ್ಗಿದ್ದ ತಲೆಯನ್ನು ಎತ್ತಿ, ಪೇಂಟರುಗಳ ಸಾಲನ್ನು ಈ ತುದಿಯಿಂದ ಆ ತುದಿಯ ತನಕ ಒಮ್ಮೆ ನೋಡಿದಳು. ಬೆಳಿಗ್ಗೆ ಬಾಗಿಲ ಬಳಿ ಪಿಸುಗುಟ್ಟಿದ್ದವರು ಕಣ್ಣು ತಪ್ಪಿಸಿದರು. ಆಮೇಲೆ ತಮ್ಮನಿಗೆ ಬೆನ್ನು ಹಾಕಿ ಮಗಳ ಪಕ್ಕಕ್ಕೆ ಹೋಗಿ ನಿಂತಳು. ಹುಡುಗಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡು, ಎರಡು ದಿನದ ಅಳುವನ್ನೆಲ್ಲ ಒಟ್ಟಿಗೇ ಅಳತೊಡಗಿದಳು.

“ಮೇಸ್ತ್ರಿ,” ಅಂದ ಪೆಟ್ಟಿಗೆ ಹೊತ್ತವರಲ್ಲಿ ಒಬ್ಬ, ಎಲ್ಲರೂ ಉದ್ದಣ್ಣ ಎಂದು ಕರೆಯುವವನು. “ನಾಳೆ ಓದೋದಾದ್ರೆ ಇದನ್ನ ಓದು.”

ಮೇಸ್ತ್ರಿ ಕಾಗದವಿದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತ.

ಹಗ್ಗ ಬಿಟ್ಟು ಪೆಟ್ಟಿಗೆಯನ್ನು ಇಳಿಸಿದರು. ಒಬ್ಬೊಬ್ಬರಾಗಿ ಹಲಗೆಯ ಮೇಲೆ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿ ಬಂದರು. ಗುಬ್ಬಿಯ ಸರದಿ ಎಲ್ಲರಿಗಿಂತ ಕೊನೆಗೆ ಬಂತು. ಯಾರೂ ಅವನನ್ನು ಕರೆದಿರಲಿಲ್ಲ. ಎಡಗೈಯಲ್ಲಿ ಮಣ್ಣು ಹಿಡಿದು ಹಲಗೆ ಹತ್ತಿದ. ಅಂಚಿನ ತನಕ ಹೋದ. ಕೆಳಗೆ ಪೆಟ್ಟಿಗೆಯ ಮುಚ್ಚಳದ ಮೇಲೆ ಎಲ್ಲರ ಮಣ್ಣೂ ಚೆಲ್ಲಿತ್ತು. ಎದೆಯ ಜಾಗದಲ್ಲಿ ಅಂಗೈಯಷ್ಟು ಮರ ಮಾತ್ರ ಬರಿದಾಗಿ ಉಳಿದಿತ್ತು. ಅಲ್ಲಿಗೇ ಹಾಕಬೇಕೆನ್ನಿಸಿತು. ಇನ್ನೊಂದು ಹೆಜ್ಜೆ ಇಟ್ಟು ಬಗ್ಗಿದ. ಸಾಲಲಿಲ್ಲ. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಹಾಗೆಯೇ ಬಗ್ಗುತ್ತ ಹೋದರೆ ಎಲ್ಲ ಮುಗಿಯುತ್ತದೆ, ಅಕ್ಕನ ಕಣ್ಣಿಗೆ ಮತ್ತೆ ಬೀಳಬೇಕಾಗಿಲ್ಲ ಅಂದುಕೊಂಡ. ಇನ್ನೊಂದು ಗೇಣು, ಅಷ್ಟೇ.

ಟಕ್, ಟಕ್, ಟಕ್.

ಅಂಗಾಲಿಗೆ ಗೊತ್ತಾಯಿತು. ಮರದಲ್ಲಿ ಬಂದ ಸದ್ದು, ಮೂರೇ ಸಲ. ಕೈಯ ಮಣ್ಣು ತಾನಾಗಿ ಉದುರಿತು. ನೆಟ್ಟಗಾಗಿ, ಒಂದು ಹೆಜ್ಜೆ ಹಿಂದೆ ಇಟ್ಟ, ಇನ್ನೊಂದು ಇಟ್ಟ. ಗಟ್ಟಿ ನೆಲ ಕಾಲಡಿಗೆ ಬಂದ ಮೇಲೆ ತಿರುಗಿ ನೋಡಿದ.

ಹಲಗೆಯ ಇತ್ತ ತುದಿಯಲ್ಲಿ ಅಕ್ಕ ನಿಂತಿದ್ದಳು. ಮುಖ ಇನ್ನೂ ಬೇರೆ ಕಡೆಗೇ ಇತ್ತು. ಎಡಗಾಲು ಮಾತ್ರ ಹಲಗೆಯ ಮೇಲಿತ್ತು, ಪೂರ್ತಿ ಭಾರ ಹಾಕಿ.